ಅಣ್ಣನ ಹಿತ್ತಲಿನ ಅಡವಿ

ನನ್ನ ಅಣ್ಣ ಸಂಡೂರಿನ ಕಡೆಯ ಒಂದು ಗಣಿಯಲ್ಲಿ ಮಣ್ಣು ಅಗೆಯುವ ದೊಡ್ಡ ಮಷಿನ್ ಓಡಿಸುತ್ತಿದ್ದ. ಅದಿರು ಕೆಳಗಿರುತ್ತದೆ. ಅದನ್ನು ಮುಟ್ಟುವ ಮೊದಲು ಮೇಲಿನ ಮಣ್ಣನ್ನೂ ಆ ಮಣ್ಣಿನಲ್ಲಿ ಬೆಳೆದ ಗಿಡಗಂಟಿಗಳನ್ನೂ ಕೆರೆದು ಪಕ್ಕಕ್ಕೆ ಒಟ್ಟಬೇಕು. ಹಾಗೆ ಕೆರೆಯುವುದೇ ಅವನ ಕೆಲಸ. ಬೆಳಿಗ್ಗೆ ಪಾಪಿನಾಯಕನಹಳ್ಳಿಯ ರಸ್ತೆಗೆ ಬರುವ ಬಸ್ಸು ಹತ್ತಿ ಹೋದವನು ಸಂಜೆ ಇಳಿದಾಗ ಹುಬ್ಬು, ಕಿವಿಯ ಸಂದು, ಉಗುರಿನ ಬುಡ ಎಲ್ಲ ಕೆಂಪಾಗಿರುತ್ತಿದ್ದವು. ಅವನು ಮೈ ತೊಳೆಯುವಾಗ ಬಚ್ಚಲಿನಿಂದ ಹೊರಗೆ ಹರಿಯುವ ನೀರು ಕುಂಕುಮ ಕದಡಿದಂತೆ ಕಾಣುತ್ತಿತ್ತು.

ಮೈ ತೊಳೆದು ಬಂದ ಮೇಲೆ ಅವನು ಊಟದ ಡಬ್ಬಿ ಬಿಚ್ಚುತ್ತಿದ್ದ. ಡಬ್ಬಿಯನ್ನು ತೊಳೆಯಲು ಕಾದು ನಿಂತಿರುತ್ತಿದ್ದ ಅತ್ತಿಗೆಗೆ ಅದರಲ್ಲಿ ಸಿಗುತ್ತಿದ್ದುದು ಒಣಗಿದ ಕಾಯಿಗಳು, ಬೀಜಗಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೇರುಗಳು. ಅವತ್ತು ಎಲ್ಲಿ ಮಷಿನ್ ಹಾಯಿಸಬೇಕೋ ಆ ಇಳಿಜಾರಿಗೆ ಬೇರೆಯವರಿಗಿಂತ ಮುಂಚೆ ಹೋಗಿ, ಕೈಗೆ ಸಿಕ್ಕಿದ್ದನ್ನು ಆರಿಸಿ ತರುತ್ತಿದ್ದ. ಅತ್ತಿಗೆಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಗುಲಾಬಿ ತಂದರೆ ಒಂದು ಮಾತು, ದಾಸವಾಳ ತಂದರೆ ಒಂದು ಮಾತು, ದಾರಿ ಬದಿಗೆ ಆಡು ಕೂಡ ಮುಟ್ಟದ ತಂಗಡಿ ಗಿಡವನ್ನು ಯಾರಾದರೂ ಮನೆಗೆ ತರುತ್ತಾರೆಯೇ ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನಾನೂ ಒಂದು ಸಲ ಅವನನ್ನು ಇದನ್ನೇ ಕೇಳಿದೆ.

"ಅಲ್ಲಿ ನಾಳಿಗೆ ಏನೂ ಇರೂದಿಲ್ಲ ತಂಗಿ," ಎಂದ. "ನಾನ ತಗಿಯಾಂವ. ನನಗ ಗೊತ್ತಿರ್ತೈತಲ್ಲ."

ಆಗ ನಾನು ಅವನ ಪಕ್ಕದ ಮನೆಗೆ ಬಂದು ಎರಡು ವರ್ಷವಾಗಿತ್ತು. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಹೊಸಪೇಟೆಯಲ್ಲಿ ರೈಲ್ವೆ ಗೇಟಿನ ಆಚೆ ಬಾಡಿಗೆ ಮನೆಯಲ್ಲಿದ್ದ ನಮ್ಮನ್ನು ಅಣ್ಣ ಒಂದು ಟ್ರ್ಯಾಕ್ಟರ್ ತಂದು ಸಾಮಾನಿನ ಸಮೇತ ಊರಿಗೆ ಕರೆದುಕೊಂಡು ಬಂದ. ತನ್ನ ಜಾಗದಲ್ಲಿ ಅರ್ಧ ಬಿಟ್ಟುಕೊಟ್ಟು, ರಜೆ ದಿನಗಳಲ್ಲಿ ತಾನೇ ಕಲ್ಲು ಹೊತ್ತು ನನಗೆ ಎರಡು ಕೋಣೆ ಎಬ್ಬಿಸಿದ. ನಾನು ಹತ್ತಿರದ ಊರಿನ ಪ್ರಾಥಮಿಕ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ. ನನ್ನ ಮಗಳು ಉಂಡದ್ದು, ಮಲಗಿದ್ದು, ಬೆಳೆದದ್ದು ಎಲ್ಲ ಅವರ ಮನೆಯಲ್ಲೇ. ಎರಡೂ ಮನೆಗಳ ಹಿಂದೆ ಗೋಡೆಯಿಲ್ಲದ ಒಂದೇ ಹಿತ್ತಲು. ಅಣ್ಣ ಗಿಡ ನೆಟ್ಟಿದ್ದು ಅಲ್ಲಿ.

ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ತಂಗಡಿಯ ಬೀಜ ಎರಡು ಮಳೆಗಾಲ ಏಳಲೇ ಇಲ್ಲ. ಮೂರನೆಯ ವರ್ಷ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಿದ, ಎಲ್ಲ ಎದ್ದವು. ಲಕ್ಕಿಯ ಟೊಂಗೆ ಚುಚ್ಚಿದರೆ ಸಾಕು, ಚಿಗುರುತ್ತಿತ್ತು. ಕವಳಿ ಮುಳ್ಳಿನ ಕಂಟಿಯನ್ನು ಬೇಲಿಯ ಉದ್ದಕ್ಕೂ ಹಾಕಿದ. ಬಂದರಿಕೆ, ಬಾರಿ, ಎಕ್ಕೆ ಒಂದಾದ ಮೇಲೊಂದು ಬಂದವು. ಒಮ್ಮೆ ನಾವೆಲ್ಲ ಹಂಪಿಗೆ ಹೋಗಿದ್ದೆವು. ನಾನೂ ಅತ್ತಿಗೆಯೂ ಮಗಳಿಗೆ ಬಳೆ ಕೊಡಿಸುತ್ತ ಹಂಪಿ ಬಜಾರಿನಲ್ಲಿ ನಿಂತಿದ್ದಾಗ ಅಣ್ಣ ಕಾಣಲಿಲ್ಲ. ಹುಡುಕಿ ಸಾಕಾಗಿ ಮಂಟಪದ ನೆರಳಿಗೆ ಕೂತೆವು. ಹಿಂದಿನ ಬಂಡೆಗಳ ಸಂದಿನಿಂದ ಬಂದವನ ಮುಷ್ಟಿಯಲ್ಲಿ ಈಶ್ವರಿ ಬಳ್ಳಿಯ ಬೀಜ ಇದ್ದವು. ಆ ಬಳ್ಳಿಗೆ ಕೆಂಪು ಮೈಯ ಕರಿ ಚಿಟ್ಟೆಗಳು ಮೊಟ್ಟೆ ಇಡಲು ಬರುತ್ತವೆ ಎಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಮೇಲೆ ಅವು ಬಂದವು ಕೂಡ.

ಎಲ್ಲಕ್ಕಿಂತ ಅವನಿಗೆ ಪ್ರೀತಿಯದು ಬಿಕ್ಕೆ ಗಿಡ. ಒಂದು ಗೇಣು ಉದ್ದದ ಸಸಿಯನ್ನು ಬುಡದ ಮಣ್ಣಿನ ಹೆಂಟೆ ಒಡೆಯದ ಹಾಗೆ ಗೋಣಿಯಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಸಂಡೂರಿನಿಂದ ತಂದಿದ್ದ. ಅದು ಬೆಳೆಯುವುದು ಬಹಳ ನಿಧಾನ. ಮಗಳು ಒಂದನೆಯ ಕ್ಲಾಸಿಗೆ ಹೋಗುವಾಗ ನೆಟ್ಟದ್ದು, ಅವಳು ಹೈಸ್ಕೂಲಿಗೆ ಹೋದ ವರ್ಷ ಮೊದಲ ಹೂ ಬಿಟ್ಟಿತು. ಬೇರೆಲ್ಲ ಒಣಗಿ ನಿಂತ ಬಿಸಿಲುಗಾಲದಲ್ಲಿ, ಬೆಳ್ಳಗೆ ಅರಳಿ ಮರುದಿನ ಹಳದಿಗೆ ತಿರುಗುವ ಹೂ. ಅದರ ವಾಸನೆಗೆ ನನ್ನ ಕೋಣೆಯ ಕಿಟಕಿ ಮುಚ್ಚಲು ಮನಸ್ಸಾಗುತ್ತಿರಲಿಲ್ಲ.

ಹೀಗೆ ಆ ಹಿತ್ತಲಿನಲ್ಲಿ ಹೂವಿಲ್ಲದ ತಿಂಗಳೇ ಇರಲಿಲ್ಲ. ಮಳೆ ಬಿದ್ದ ಮೇಲೆ ಲಕ್ಕಿಯ ನೀಲಿ ಹೂವಿಗೆ ಜೇನು ಮುತ್ತುತ್ತಿತ್ತು. ದೀಪಾವಳಿಗೆ ತಂಗಡಿ ಹಳದಿಯಾಗಿ ತುಂಬಿಕೊಳ್ಳುತ್ತಿತ್ತು. ಸಗಣಿಯ ಪಾಂಡವರನ್ನು ಮಾಡಿ ಇಡಲು ಓಣಿಯ ಹೆಣ್ಣುಮಕ್ಕಳು ತಂಗಡಿ ಹೂವಿಗೂ ಉತ್ರಾಣಿ ಕಡ್ಡಿಗೂ ನಮ್ಮ ಹಿತ್ತಲಿಗೇ ಬರುತ್ತಿದ್ದರು. ಚಳಿಯಲ್ಲಿ ಬಾರಿ ಹಣ್ಣು, ಬೇಸಿಗೆಯ ಕೊನೆಗೆ ಕವಳಿ ಹಣ್ಣು. ಪಿಕಳಾರ, ಸೂರಕ್ಕಿ, ಗುಂಪು ಗುಂಪಾಗಿ ಬರುವ ಸಣ್ಣ ರಾಟವಾಳ ಹಕ್ಕಿಗಳು. ನಾನು ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ತಂಗಡಿ ಎಲೆಯ ಕೆಳಗೆ ನೇತುಬಿದ್ದ ಚಿಟ್ಟೆಯ ಗೂಡು ತೋರಿಸಿದ್ದೇನೆ. ಅಣ್ಣ ದೂರ ನಿಂತು ನೋಡುತ್ತಿದ್ದ. ಮಕ್ಕಳು ಮುಟ್ಟಿದರೂ ಬೈಯುತ್ತಿರಲಿಲ್ಲ.

ಗಣಿಗಳೆಲ್ಲ ನಿಂತಾಗ ಅವನ ಕೆಲಸವೂ ಹೋಯಿತು. ಕೆಲವು ವರ್ಷ ಕಾಲುವೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಎಂದು ಬೇರೆಯವರ ಮಷಿನ್ ಓಡಿಸಿದ. ಕೆಮ್ಮು ಶುರುವಾದದ್ದು ಆಗಲೇ. ಮೊದಲು ಚಳಿಗಾಲಕ್ಕೆ ಬಂದು ಹೋಗುತ್ತಿದ್ದದ್ದು ಆಮೇಲೆ ವರ್ಷಪೂರ್ತಿ ಉಳಿಯಿತು. ಬಳ್ಳಾರಿಯ ಡಾಕ್ಟರು ಪುಪ್ಪುಸದಲ್ಲಿ ದೂಳು ಕೂತಿದೆ, ಅದನ್ನು ತೆಗೆಯಲು ಬರುವುದಿಲ್ಲ, ಇರುವಷ್ಟು ಉಸಿರನ್ನು ಉಳಿಸಿಕೊಳ್ಳಬೇಕು ಅಷ್ಟೇ ಎಂದರು. ಅವನು ಮಷಿನ್ ಬಿಟ್ಟ. ದಿನವೆಲ್ಲ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಒಂದು ಕೊಡ ನೀರು ಹಾಕಲು ಮೂರು ಸಲ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದ.

ಆ ಹೊತ್ತಿಗೇ ಮಗಳಿಗೆ ಕಂಪ್ಲಿಯಿಂದ ಸಂಬಂಧ ಬಂತು. ಹುಡುಗ ತಂದೆಯ ಜೊತೆ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಜನ, ಆದರೆ ನಮಗಿಂತ ಬಹಳ ಅನುಕೂಲಸ್ಥರು. ಅವರು ನೋಡಲು ಬಂದ ದಿನ ನಾನು ಬೆಳಗಿನಿಂದ ಮನೆಯನ್ನು ಒರೆಸಿ ಒರೆಸಿ ಇಟ್ಟಿದ್ದೆ. ಉಪ್ಪಿಟ್ಟು ತಿಂದು ಕೈ ತೊಳೆಯಲು ಹಿಂದಕ್ಕೆ ಹೋದ ಹುಡುಗನ ತಂದೆ, ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ನಗುತ್ತ ಹೇಳಿದರು: "ಏನ್ ಟೀಚರ್, ಹಿಂದ ಅಡವಿ ಬೆಳಸೀರಲ್ರಿ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನನಗೆ ಮಾತ್ರ ಆ ಮಾತು ನಾಟಿತು. ಗಂಡನಿಲ್ಲದ ಹೆಂಗಸು ಮನೆಯನ್ನು ಹೀಗೆ ಇಟ್ಟುಕೊಂಡಿದ್ದಾಳೆ ಎಂದುಕೊಂಡರೇನೋ, ಇಂಥ ಮುಳ್ಳು ಕಂಟಿಯ ನಡುವೆ ಬೆಳೆದ ಹುಡುಗಿ ಎಂದು ಮಗಳನ್ನು ಕೀಳಾಗಿ ಕಂಡರೇನೋ ಎಂದು ಆ ಒಂದು ಮಾತನ್ನೇ ಹಿಡಿದುಕೊಂಡು ವಾರಗಟ್ಟಲೆ ಯೋಚಿಸಿದೆ. ಅವರು ಒಪ್ಪಿಗೆ ಹೇಳಿ ಕಳಿಸಿದರು. ನಿಶ್ಚಯ ಹೆಣ್ಣಿನ ಮನೆಯಲ್ಲಿ, ಯುಗಾದಿ ಕಳೆದ ಮೇಲೆ ಎಂದು ಮಾತಾಯಿತು. ನೂರು ಜನಕ್ಕೆ ಊಟ ಹಾಕಬೇಕು. ಹಂದರ ಹಾಕಲು ಮನೆಯ ಮುಂದೆ ಜಾಗವಿರಲಿಲ್ಲ. ಹಿತ್ತಲು ಒಂದೇ.

ನಿಶ್ಚಯಕ್ಕೆ ಎರಡು ವಾರ ಇರುವಾಗ ಅಣ್ಣನ ಉಸಿರು ಕೆಟ್ಟಿತು. ಅತ್ತಿಗೆ ಅವನನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ ಅಲ್ಲೇ ಉಳಿದಳು. ನಾನು ಒಂದು ದಿನ ಬಿಟ್ಟು ಒಂದು ದಿನ ಹೋಗಿ ಬರುತ್ತಿದ್ದೆ. ಹಿತ್ತಲಿನ ಮಾತು ಎತ್ತಬೇಕು ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಮಲಗಿದವನ ಮುಂದೆ ಬಾಯಿ ಬರುತ್ತಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾನೆ ಎಂಬ ಭಯವೂ ಇತ್ತು. ಬೇಡ ಅಂದ ಮೇಲೆ ನಾನು ಮಾಡುವಂತಿರಲಿಲ್ಲ. ಆದ್ದರಿಂದ ಕೇಳಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಷಿನ್ ಕರೆಸಿದೆ. ಅದನ್ನು ತಂದವನು ಅಣ್ಣನ ಕೈಕೆಳಗೇ ಕೆಲಸ ಕಲಿತವನು. ಈಗ ಅವನಿಗೂ ತಲೆ ನರೆತಿತ್ತು. ಮಷಿನ್ ನಿಲ್ಲಿಸಿ ಕೆಳಗಿಳಿದು ಹಿತ್ತಲನ್ನು ಒಂದು ಸುತ್ತು ನೋಡಿದ.

"ಅಕ್ಕಾರ, ಅಣ್ಣಾರಿಗೆ ಗೊತ್ತೈತೇನ್ರಿ?" ಎಂದು ಕೇಳಿದ.

"ಅವನ ಹೇಳ್ಯಾನ," ಎಂದೆ.

ಅವನು ಬೇಲಿಯ ಆಚೆ ಹೋಗಿ ಬೀಡಿ ಸೇದುತ್ತ ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿದ. ಬಾಡಿಗೆಯ ಮಾತಿರಬೇಕು ಎಂದುಕೊಂಡೆ. ಆಮೇಲೆ ಬಂದು ಮಷಿನ್ ಹತ್ತಿದ. ತಂಗಡಿ, ಲಕ್ಕಿ, ಬಂದರಿಕೆ, ಬೇಲಿಯ ಕವಳಿ ಎಲ್ಲ ಒಂದೊಂದು ಎಳೆತಕ್ಕೆ ಬಂದವು. ಇಪ್ಪತ್ತು ವರ್ಷ ಬೆಳೆದದ್ದು ತೆಗೆಯಲು ಒಂದು ತಾಸೂ ಹಿಡಿಯಲಿಲ್ಲ. ಬಿಕ್ಕೆ ಗಿಡದ ಹತ್ತಿರ ಬಂದಾಗ ಅವನು ನಿಲ್ಲಿಸಿ, ಇದೊಂದು ಇರಲಿ ಎಂದ. ಅಡುಗೆಯ ಒಲೆ ಅಲ್ಲೇ ಹೂಡಬೇಕು, ಅಡ್ಡ ಆಗುತ್ತದೆ ಎಂದೆ. ಅವನು ಇನ್ನೊಮ್ಮೆ ಹೇಳಿದ. ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ ತೆಗೆಯಲು ಹೇಳಿದೆ. ಗಿಡದ ತುಂಬ ಹೂವಿತ್ತು.

ಅಣ್ಣನನ್ನು ನಿಶ್ಚಯದ ಹಿಂದಿನ ದಿನ ಮನೆಗೆ ಕಳಿಸಿದರು. ಆಟೋದಿಂದ ಇಳಿದವನು ಒಳಗೆ ಬಂದು ನೀರು ಕುಡಿದು, ಗೋಡೆ ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಹೋದ. ನಾನು ಅವನ ಹಿಂದೆ ನಿಂತಿದ್ದೆ. ಅಷ್ಟು ಹೊತ್ತಿಗೆ ನೆಲ ಸಮ ಮಾಡಿ, ಸಗಣಿ ಸಾರಿಸಿ, ಬಣ್ಣದ ಬಟ್ಟೆಯ ಹಂದರ ಕಟ್ಟಿದ್ದರು. ಬಹಳ ಹೊತ್ತು ನೋಡಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು.

"ಬಿಕ್ಕಿ ಗಿಡದಾಗ ಪಿಕಳಾರ ಗೂಡು ಇತ್ತು," ಎಂದ. "ಮರಿ ಹಾರಿದ್ದುವೇನು?"

ಗೂಡಿದ್ದದ್ದೇ ನನಗೆ ಗೊತ್ತಿರಲಿಲ್ಲ. "ಹಾರಿದ್ದುವು," ಎಂದೆ.

ತಲೆಯಾಡಿಸಿ ಒಳಗೆ ಹೋಗಿ ಮಲಗಿದ.

ಮರುದಿನ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಬಂದು ಕೂತ. ಸೋದರಮಾವನಾಗಿ ಮಾಡಬೇಕಾದದ್ದನ್ನೆಲ್ಲ ಮಾಡಿದ, ನಡುನಡುವೆ ಉಸಿರಿಗಾಗಿ ನಿಲ್ಲುತ್ತ. ಊಟದ ಹೊತ್ತಿಗೆ ಬೀಗರು ಹಂದರ ಚೆನ್ನಾಗಿದೆ, ಜಾಗ ಹಸನಾಗಿ ಮಾಡಿಸಿದ್ದೀರಿ ಎಂದು ಹೊಗಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಮಗಳ ಕಾರ್ಯ ಅಲ್ಲೇನ್ರಿ, ನಾನ ಹೇಳಿ ತಗಸೀನಿ," ಎಂದ. ನನ್ನ ಮಾನ ಉಳಿಸಲು ಹಾಗೆ ಹೇಳಿದ ಎಂದುಕೊಂಡೆ. ಅವನ ಮುಖ ನೋಡಲಾಗದೆ ಅನ್ನದ ಬುಟ್ಟಿ ಹಿಡಿದುಕೊಂಡು ಬೇರೆ ಸಾಲಿಗೆ ಹೋದೆ.

ಮದುವೆ ವೈಶಾಖದಲ್ಲಿ ಕಂಪ್ಲಿಯಲ್ಲಿ ಆಯಿತು. ಮಗಳು ಹೋದ ಮೇಲೆ ಆ ಬೋಳು ಹಿತ್ತಲಿನ ಎದುರು ನಾವು ಮೂವರೇ ಉಳಿದೆವು. ನಾನು ಹೊಸಪೇಟೆಯ ನರ್ಸರಿಗೆ ಹೋಗಿ ಬಣ್ಣದ ಎಲೆಯ ಕ್ರೋಟನ್, ಎರಡು ಗುಲಾಬಿ ತಂದು ನೆಟ್ಟೆ. ಅಣ್ಣ ಅವಕ್ಕೂ ನೀರು ಹಾಕಿದ. ಯಾವ ಗಿಡವನ್ನೂ ಬೇಡ ಅನ್ನುವವನಲ್ಲ ಅವನು. ಆದರೆ ಅವುಗಳ ಹತ್ತಿರ ಕೂರುತ್ತಿರಲಿಲ್ಲ. ಮೆಟ್ಟಿಲು ಬಿಟ್ಟು ಮುಂದಿನ ಕಟ್ಟೆಗೆ ಬಂದು ರಸ್ತೆಯ ಲಾರಿಗಳನ್ನು ನೋಡುತ್ತ ಕೂರಲು ಶುರು ಮಾಡಿದ. ನಮ್ಮ ನಡುವೆ ಮಾತು ನಿಂತಿರಲಿಲ್ಲ. ಶಾಲೆಯ ಸುದ್ದಿ, ಮಗಳ ಸುದ್ದಿ, ಮಾತ್ರೆಯ ಸುದ್ದಿ ಎಲ್ಲ ಆಗುತ್ತಿತ್ತು. ಹಿತ್ತಲಿನ ಮಾತು ಮಾತ್ರ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ನಾಳೆ ಹೇಳುತ್ತೇನೆ, ಆರಾಮ ಆದ ಮೇಲೆ ತಪ್ಪಾಯಿತು ಎಂದು ಕೇಳುತ್ತೇನೆ ಎಂದು ದಿನ ತಳ್ಳಿದೆ.

ಆ ದೀಪಾವಳಿಗೆ ಓಣಿಯ ಹೆಣ್ಣುಮಕ್ಕಳು ಹೂವಿಗೆ ಬಂದರು. ಬಾಗಿಲಲ್ಲಿ ನಿಂತು ಹಿಂದಕ್ಕೆ ಇಣುಕಿ, ಬರಿಗೈಯಲ್ಲಿ ಹೋದರು. ಅಣ್ಣ ಕಟ್ಟೆಯ ಮೇಲೆ ಕೂತು ಅದನ್ನು ನೋಡಿದ. ಅದಾಗಿ ಹನ್ನೆರಡನೆಯ ದಿನ ತೀರಿಕೊಂಡ. ನಾನು ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೊಂದನೆಯ ದಿನದ ಊಟಕ್ಕೆ ಮಷಿನ್ ಓಡಿಸುವವನು ಬಂದಿದ್ದ. ಊಟ ಮಾಡಿ ಎದ್ದವನು ಹಿತ್ತಲಿಗೆ ಹೋಗಿ ನಿಂತ. ನಾನು ಎಲೆ ಎತ್ತಿಕೊಂಡು ಅಲ್ಲಿಗೆ ಹೋದಾಗ ನನ್ನ ಕಡೆ ತಿರುಗಿ, ಒಂದು ಮಾತು ಹೇಳಬೇಕು, ಮನಸ್ಸಿನಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ ಎಂದ. ಗಿಡ ತೆಗೆದ ದಿನ ಅವನಿಗೆ ನನ್ನ ಮಾತಿನ ಮೇಲೆ ನಂಬಿಕೆ ಬಂದಿರಲಿಲ್ಲ. ಬೇಲಿಯ ಆಚೆ ನಿಂತು ಫೋನ್ ಮಾಡಿದ್ದು ಅಣ್ಣನಿಗೆ.

"ಅಣ್ಣಾರು ನಾ ಹೇಳಿದ್ದೆಲ್ಲ ಕೇಳಿದ್ರು," ಎಂದ. "ಆಮ್ಯಾಲೆ, ಹೌದಪ, ನಾನ ಹೇಳೀನಿ, ತಂಗಿ ಹೇಳಿದಂಗ ಮಾಡು ಅಂದ್ರು. ಬಿಕ್ಕಿ ಗಿಡದಾಗ ಗೂಡೈತಿ, ಆಗೂದಿದ್ರ ಅದೊಂದು ಬಿಡು ಅಂದ್ರು. ನಾ ನಿಮಗ ಗೂಡಿನ ಮಾತು ಹೇಳಿದ್ರ, ಫೋನ್ ಮಾಡಿದ್ದು ನಿಮಗ ತಿಳೀತಿತ್ತು. ಅದು ತಿಳೀಬಾರ್ದು ಅಂತ ಅವರು ನನ್ನ ಕಡಿಂದ ಮಾತು ತಗೊಂಡಿದ್ರು."

ನನ್ನ ಕೈಯಲ್ಲಿ ಎಂಜಲೆಲೆಗಳ ರಾಶಿ ಇತ್ತು. ಅದನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. ನಾನು ಸುಳ್ಳು ಹೇಳಿದ್ದು ಅವನಿಗೆ ಅವತ್ತೇ ಗೊತ್ತಿತ್ತು. ಆ ಸುಳ್ಳನ್ನು ನಿಜ ಮಾಡಲು ಆಸ್ಪತ್ರೆಯ ಹಾಸಿಗೆಯಿಂದಲೇ ತನ್ನ ಗಿಡಗಳನ್ನು ತೆಗೆಯಲು ತಾನೇ ಹೇಳಿದ್ದ. ಬೀಗರ ಮುಂದೆ ಅವನು ಆಡಿದ್ದು ಸುಳ್ಳಾಗಿರಲಿಲ್ಲ. ಆಮೇಲಿನ ಏಳು ತಿಂಗಳು, ನಾನು ಒಂದು ಮಾತು ಹೇಳಲಿ ಎಂದು ಕಾದಿದ್ದನೋ, ಹೇಳದಿದ್ದರೂ ನಡೆಯುತ್ತದೆ ಎಂದು ಬಿಟ್ಟಿದ್ದನೋ, ಅದು ಈಗ ಯಾರಿಗೂ ಗೊತ್ತಾಗುವುದಿಲ್ಲ.

ಬಂದವರೆಲ್ಲ ಹೋದ ಮೇಲೆ ಅತ್ತಿಗೆಯ ಹತ್ತಿರ ಕೂತು ಎಲ್ಲ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದವಳು ಆರಿಸುತ್ತಲೇ ಇದ್ದಳು.

"ಅವನ ಕಿವಿಗೆ ಫೋನ್ ಹಿಡದಾಕಿ ನಾನ," ಎಂದಳು.

ಆಮೇಲೆ ಏನಂದ ಎಂದು ಕೇಳಿದೆ.

"ಗ್ವಾಡಿ ಕಡೆ ಹೊಳ್ಳಿ ಮಕ್ಕೊಂಡ. ನನಗ ನಿನ್ನ ಮ್ಯಾಲೆ ಭಾಳ ಸಿಟ್ಟಿತ್ತವ್ವ. ಈಗೂ ಐತಿ."

ಆ ಸಿಟ್ಟನ್ನು ಅವಳು ಮುಚ್ಚಿಡಲಿಲ್ಲ. ಎರಡು ತಿಂಗಳು ನಮ್ಮ ಮನೆಗೆ ಬರಲಿಲ್ಲ. ನಾನು ಸಾರು ಮಾಡಿ ಬಟ್ಟಲಲ್ಲಿ ತೆಗೆದುಕೊಂಡು ಹೋದರೆ ಇಸಿದುಕೊಳ್ಳುತ್ತಿದ್ದಳು, ಕುಂದ್ರು ಅನ್ನುತ್ತಿರಲಿಲ್ಲ. ಅದೇ ನನಗೆ ಸರಿ ಅನ್ನಿಸುತ್ತಿತ್ತು.

ಸಂಕ್ರಾಂತಿಗೆ ಮಗಳ ಮನೆಗೆ ಹೋದಾಗ ಬೀಗರ ಹತ್ತಿರ ಆ ಹಳೆಯ ಮಾತು ತೆಗೆದೆ. ಅಡವಿ ಬೆಳೆಸಿದ್ದೀರಿ ಎಂದು ನೀವು ಅಂದಿದ್ದಿರಲ್ಲ, ಅದಕ್ಕೇ ತೆಗೆಸಿದೆ ಎಂದೆ. ಅವರು ನಿಜವಾಗಿ ನೆನಪು ಮಾಡಿಕೊಳ್ಳಲು ನೋಡಿದರು. "ನಾ ಹಂಗ ಅಂದಿದ್ನೇನ್ರಿ?" ಎಂದು ಹೆಂಡತಿಯ ಕಡೆ ನೋಡಿದರು. ಅವರಿಗೂ ನೆನಪಿರಲಿಲ್ಲ. ನಮ್ಮ ಹಿತ್ತಲಿನಲ್ಲಿ ಏನಿತ್ತು ಎಂಬುದೇ ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮಗಳು ಒಳಗೆ ಎದ್ದು ಹೋದಳು. ಅಡುಗೆಮನೆಯಲ್ಲಿ ಅವಳು ಅಳುತ್ತಿದ್ದದ್ದನ್ನು ಆಮೇಲೆ ನೋಡಿದೆ. ತನ್ನ ಮದುವೆಗಾಗಿ ಮಾಮನ ಗಿಡ ಹೋದವಲ್ಲ ಎಂಬ ಸಂಕಟವನ್ನು ಅವಳು ನನ್ನ ಮುಂದೆ ಒಮ್ಮೆಯೂ ಆಡಿರಲಿಲ್ಲ.

ಬೇಸಿಗೆಯಲ್ಲಿ ಬಿಕ್ಕೆಯ ಬೀಜ ಹುಡುಕಿಕೊಂಡು ಸಂಡೂರಿಗೆ ಹೋದೆ. ಅಣ್ಣ ಕೆಲಸ ಮಾಡಿದ ಗುಡ್ಡದ ದಾರಿಯಲ್ಲಿ ಗೇಟು ಹಾಕಿದ್ದರು. ಕಾವಲಿನವನು ಒಳಗೆ ಬಿಡಲಿಲ್ಲ, ಆದರೆ ಅಲ್ಲಿಂದಲೇ ಕೈ ತೋರಿಸಿದ. ಇಳಿಜಾರು ಇರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಗೋಡೆ, ಕೆಳಗೆ ನಿಂತ ಹಸಿರು ನೀರು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮುತ್ತುಗದ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಕೂತು ಬಿಕ್ಕೆ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಇನ್ನೂ ಕಡಿಯದ ಬೇರೆ ಗುಡ್ಡದಲ್ಲಿವೆ, ಮುಂದಿನ ವಾರ ಬಂದರೆ ತಂದಿಟ್ಟಿರುತ್ತೇನೆ ಎಂದಳು. ಹೇಳಿದಂತೆ ತಂದಿಟ್ಟಿದ್ದಳು. ಯಾಕೆ ಬೇಕು ಎಂದು ಕೇಳಲಿಲ್ಲ.

ಬೀಜ ಬಿತ್ತುವ ದಿನ ಅತ್ತಿಗೆ ತಾನಾಗಿಯೇ ಹೊರಗೆ ಬಂದಳು. ಕ್ರೋಟನ್ ಗಿಡಗಳನ್ನು ನಾನು ಕಿತ್ತು ಕುಂಡಕ್ಕೆ ಹಾಕುತ್ತಿದ್ದೆ. ಅವಳು ಸೆರಗು ಸಿಕ್ಕಿಸಿ ಇನ್ನೊಂದು ಕಡೆಯಿಂದ ಮಣ್ಣು ಸಡಿಲು ಮಾಡಿದಳು. ಮೊದಲ ಮಳೆ ಬಿದ್ದ ಮೇಲೆ ನಾವು ಬಿತ್ತದ ಕಡೆಯೆಲ್ಲ ತಂಗಡಿ ಎದ್ದಿತು. ಉದುರಿದ ಬೀಜ ಮಣ್ಣಿನೊಳಗೆ ಉಳಿದಿದ್ದವು. ಲಕ್ಕಿ ಎರಡು ಕಡೆ ಹರಿದ ಬೇರಿನಿಂದಲೇ ಚಿಗುರಿತು. ಕವಳಿಯ ಸಸಿಗಳನ್ನು ಮುದುಕಿಯ ಹತ್ತಿರವೇ ಕೇಳಿ ತಂದೆವು. ಎರಡನೆಯ ವರ್ಷ ದೀಪಾವಳಿಗೆ ಓಣಿಯವರು ಮತ್ತೆ ಹೂವಿಗೆ ಬಂದರು. ಅತ್ತಿಗೆ ಕೊಯ್ದು ಕೊಟ್ಟಳು. ನಾನು ಒಳಗೇ ಇದ್ದೆ.

ಬಿಕ್ಕೆಯ ಬೀಜ ಮೊದಲ ವರ್ಷ ಒಂದೂ ಏಳಲಿಲ್ಲ. ಎರಡನೆಯ ವರ್ಷವೂ ಅಷ್ಟೇ. ಬಿಸಿನೀರಿನಲ್ಲಿ ನೆನೆಸಬೇಕೋ, ಸಗಣಿಯಲ್ಲಿ ಇಡಬೇಕೋ, ಹಾಗೇ ಹಾಕಬೇಕೋ, ಹೇಳಬೇಕಾದವನು ಇರಲಿಲ್ಲ. ಮೂರನೆಯ ಸಲ ಎರಡು ಮೊಳಕೆ ಬಂದವು. ಮೊದಲನೆಯದು ವಾರದಲ್ಲೇ ಬಾಡಿತು. ಇನ್ನೊಂದಕ್ಕೆ ಅತ್ತಿಗೆ ಸುತ್ತಲೂ ಮುಳ್ಳು ಹಚ್ಚಿದ್ದಾಳೆ. ಅದು ನಾಲ್ಕು ಎಲೆ ಬಿಟ್ಟು ನಿಂತಿದೆ. ಹೋದ ಬೇಸಿಗೆಯಿಂದ ಈಚೆಗೆ ಬೆಳೆದಿಲ್ಲ, ಸತ್ತೂ ಇಲ್ಲ.